ಎರಡು ಬೆಡ್‌ರೂಮಿನಲ್ಲಿ ನೂರು ವ್ಯಾಟ್

ಟ್ಯೂಬ್ ಆಂಪ್ಲಿಫೈಯರ್ ಇಟ್ಟುಕೊಂಡಿರುವ ನಾಲ್ಕು ಜನ ಗಿಟಾರ್ ವಾದಕರನ್ನು ಒಂದೆಡೆ ಕೂರಿಸಿ, ಇದರಲ್ಲಿ ಇನ್ನೇನಿದ್ದರೆ ಚೆನ್ನಾಗಿತ್ತು ಎಂದು ಕೇಳಿ ನೋಡಿ. ಬಾಯಿ ಬೇರೆಯಾದರೂ ಪಟ್ಟಿ ಹೆಚ್ಚುಕಡಿಮೆ ಒಂದೇ. ಸದ್ದು ಇಳಿಸಿದರೂ ನಾದದ ಗುಣ ಕೆಡಬಾರದು. ಪ್ರತಿ ಚಾನೆಲ್ಲಿಗೂ ಅದರದೇ ಟ್ರೆಬಲ್, ಮಿಡ್, ಬಾಸ್ ನಾಬ್‌ಗಳಿರಬೇಕು. ಡಿಲೇ, ರಿವರ್ಬ್ ಪೆಡಲ್‌ಗಳಿಗೆ ಎಫೆಕ್ಟ್ಸ್ ಲೂಪ್ ಬೇಕು. ಸ್ಪೀಕರ್ ಇಲ್ಲದೆ ಹೆಡ್‌ಫೋನಿನಲ್ಲಿ ನುಡಿಸುವಂತಿರಬೇಕು, ನೇರವಾಗಿ ಲ್ಯಾಪ್‌ಟಾಪಿಗೆ ರೆಕಾರ್ಡ್ ಆಗಬೇಕು. ವಾಲ್ವು ಬದಲಾಯಿಸಿದಾಗ ಬಯಾಸ್ ಸರಿಮಾಡಲು ಇಡೀ ಪೆಟ್ಟಿಗೆ ಬಿಚ್ಚುವ ಹಾಗಿರಬಾರದು. ಕೊನೆಯದಾಗಿ, ಎಲ್ಲರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳುವ ಮಾತು: ಇಷ್ಟು ಭಾರ ಇರಬಾರದು.

ಇಂಥ ಪಟ್ಟಿಗಳನ್ನು ಓದುವುದೇ ನನ್ನ ಹೊಟ್ಟೆಪಾಡು. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಇಷ್ಟು ವರ್ಷದಲ್ಲಿ ತಿಳಿದುಕೊಂಡ ಒಂದು ಸಂಗತಿಯೆಂದರೆ, ಗಿರಾಕಿ ಕೇಳುವ ಪ್ರತಿ ಫೀಚರಿನ ಹಿಂದೆಯೂ ಒಂದು ತೊಂದರೆ ಇರುತ್ತದೆ. ಫೀಚರನ್ನು ಬರೆದುಕೊಂಡು ತೊಂದರೆಯನ್ನು ಕೇಳದೆ ಬಿಟ್ಟರೆ, ಕೆಲಸ ಹೇಳಿದ ದಿನಕ್ಕೆ ಮುಗಿದರೂ ಗಿರಾಕಿಯ ಮುಖ ಅರಳುವುದಿಲ್ಲ. ಹಾಗಾಗಿ ಈ ಪಟ್ಟಿಯನ್ನು ಒಂದು ಪಠ್ಯವೆಂದು ಇಟ್ಟುಕೊಂಡು, ಅದರ ಹಿಂದಿನ ತೊಂದರೆ ಯಾವುದು ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಯಂತ್ರದ ಹುಟ್ಟು. ಅಮೆರಿಕದ ಫೆಂಡರ್ ಕಂಪನಿ 1950ರ ದಶಕದಲ್ಲಿ ಬಾಸ್ ಗಿಟಾರಿಗೆಂದು ಮಾಡಿದ ಬಾಸ್‌ಮನ್ ಆಂಪನ್ನು ಗಿಟಾರಿನವರು ಎತ್ತಿಕೊಂಡರು. ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಅದೇ ಸರ್ಕ್ಯೂಟನ್ನು ಮಾದರಿಯಾಗಿಟ್ಟುಕೊಂಡು ತನ್ನ ಜೆಟಿಎಂ45 ಕಟ್ಟಿದ. ದಿ ಹೂ ತಂಡದವರು ಇನ್ನೂ ಜೋರಾಗಿ ಬೇಕೆಂದು ಕೇಳಿದ್ದರಿಂದ 1965ರ ಹೊತ್ತಿಗೆ ನೂರು ವ್ಯಾಟಿನ ಮಾರ್ಷಲ್ ಬಂತು. ಆಗಿನ ಸಭಾಂಗಣಗಳ ಮೈಕು ವ್ಯವಸ್ಥೆ ಹಾಡುವವರ ದನಿಗೇ ಸಾಲುತ್ತಿರಲಿಲ್ಲ. ಗಿಟಾರ್ ಹಿಂದಿನ ಸಾಲಿಗೆ ಮುಟ್ಟಬೇಕಾದರೆ ಆಂಪೇ ಮುಟ್ಟಿಸಬೇಕಿತ್ತು. ಅಂದರೆ ನೂರು ವ್ಯಾಟ್ ಎಂಬುದು ಆ ಕಾಲದ ಫೀಚರ್ ರಿಕ್ವೆಸ್ಟು. ಅದನ್ನು ಕೇಳಿದವರಿಗೆ ಕಾರಣವಿತ್ತು.

ವಾಲ್ವುಗಳನ್ನು ಅವುಗಳ ಮಿತಿಗೆ ದೂಡಿದಾಗ ಅಲೆಯ ತುದಿಗಳು ಮೊಂಡಾಗಿ, ಹೊಸ ಸ್ವರಾಂಶಗಳು ಹುಟ್ಟಿ, ಸದ್ದು ಒರಟಾಗುತ್ತದೆ. ಎಂಜಿನಿಯರ್ ಕಣ್ಣಿಗೆ ಇದು ದೋಷ. ಫೆಂಡರ್ ಕಂಪನಿ ಅದನ್ನು ಕಡಿಮೆ ಮಾಡಲು ವರ್ಷಗಟ್ಟಲೆ ಹೆಣಗಿತು. ವಾದಕರು ಮಾತ್ರ ಆ ದೋಷದಲ್ಲೇ ತಮ್ಮ ದನಿ ಕಂಡುಕೊಂಡರು. ತೊಡಕು ಇಲ್ಲಿಂದ ಶುರು. ಆ ನಾದ ಬೇಕೆಂದರೆ ಆಂಪನ್ನು ದೂಡಬೇಕು, ದೂಡಿದರೆ ಗೋಡೆ ನಡುಗುತ್ತದೆ. ಇವೆರಡನ್ನೂ ಬೇರೆ ಮಾಡುವ ಪ್ರಯತ್ನವೇ ಟ್ಯೂಬ್ ಆಂಪಿನ ಕಳೆದ ಐವತ್ತು ವರ್ಷಗಳ ಚರಿತ್ರೆ. 1975ರಲ್ಲಿ ಮಾರ್ಷಲ್ ಮಾಸ್ಟರ್ ವಾಲ್ಯೂಮ್ ತಂದಿತು. ಮೊದಲ ಹಂತದ ವಾಲ್ವುಗಳನ್ನು ಒದ್ದಾಡಿಸಿ, ಕೊನೆಯ ಹಂತಕ್ಕೆ ಕಡಿಮೆ ಕಳಿಸುವ ಉಪಾಯ. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ತನ್ನ ಮೆಸಾ ಬೂಗಿಯಲ್ಲಿ ಗೇನ್ ಹಂತಗಳನ್ನು ಒಂದರ ಬೆನ್ನಿಗೊಂದು ಜೋಡಿಸಿದ. ಬಾಸ್ಟನ್ ತಂಡದ ಟಾಮ್ ಶೋಲ್ಜ್, ಎಂಐಟಿಯಲ್ಲಿ ಓದಿದ ಎಂಜಿನಿಯರ್, ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಶಕ್ತಿಯನ್ನು ಶಾಖವಾಗಿ ಸುಡುವ ಪವರ್ ಸೋಕ್ ಮಾರಿದ.

ಇನ್ನು ನಮ್ಮ ಕಡೆಗೆ ಬರೋಣ. ನಾನಿರುವುದು ಚೆನ್ನೈನ ಉತ್ತರದ ತುದಿ, ತಿರುವೊಟ್ಟಿಯೂರಿನಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಗಲೂ ರಾತ್ರಿ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು. ಲಾರಿಯ ಗದ್ದಲದ ಬಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ಮಾತಾಡುವುದಿಲ್ಲ. ಅದು ಊರಿನ ಸದ್ದು, ಯಾರದೂ ಅಲ್ಲ. ಆದರೆ ನನ್ನ ಗಿಟಾರಿನ ಸದ್ದಿಗೆ ಒಡೆಯನಿದ್ದಾನೆ, ಅವನಿಗೆ ಫ್ಲ್ಯಾಟ್ ನಂಬರ್ ಇದೆ. ಮೇಲಿನ ಮನೆಯ ಅಮ್ಮ ಒಂದು ಸಂಜೆ ಬಾಗಿಲಲ್ಲಿ ನಿಂತು, "ತಂಬಿ, ಕೊಂಜಂ ಮೆದುವಾ" ಎಂದರು. ಮಗಳ ಬಾಣಂತನ ನಡೆಯುತ್ತಿದ್ದ ಮನೆ. ಅವರಿಗೆ ನಾನು ಡೆಸಿಬೆಲ್ ಲೆಕ್ಕ ಹೇಳಲಾದೀತೆ?

ಲೆಕ್ಕ ಇಲ್ಲಿ ಹೇಳುತ್ತೇನೆ, ಏಕೆಂದರೆ ಪಟ್ಟಿಯ ಮೊದಲ ಬೇಡಿಕೆ ಸೋಲುವುದು ಈ ಲೆಕ್ಕದಲ್ಲಿ. ನೂರು ವ್ಯಾಟಿನ ಆಂಪಿಗೆ ಬದಲು ಐವತ್ತರದು ತಂದರೆ ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಅರ್ಧದಷ್ಟು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ ನೂರು ಹತ್ತಾಗಬೇಕು. ಗಿಟಾರ್ ಸ್ಪೀಕರುಗಳಿಗೆ ಒಂದೇ ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ನೂರು ಡೆಸಿಬೆಲ್ಲಿನ ಹತ್ತಿರ ಬರುತ್ತದೆ. "ಒಂದು ವ್ಯಾಟ್ ಸ್ವಿಚ್ ಇದೆ, ಮನೆಯಲ್ಲಿ ಧಾರಾಳವಾಗಿ ನುಡಿಸಿ" ಎಂಬ ಜಾಹೀರಾತು ಬಾಣಂತಿಯಿರುವ ಮನೆಯ ಕೆಳಗೆ ನಡೆಯುವುದಿಲ್ಲ.

ಅದಕ್ಕಿಂತಲೂ ಕೆಳಗಿಳಿದರೆ ಇನ್ನೊಂದು ಪೇಚು. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ತಗ್ಗಿನ ಮತ್ತು ಎತ್ತರದ ಸ್ವರಗಳನ್ನು ಮಧ್ಯದ ಸ್ವರಗಳಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಬರೆದಿಟ್ಟರು. ಸ್ಪೀಕರಿನ ಕಾಗದದ ಕೋನ್ ಕೂಡ ಜೋರಿನಲ್ಲಿ ಅಲುಗುವ ಹಾಗೆ ಮೆಲ್ಲಗೆ ನುಡಿಸಿದಾಗ ಅಲುಗುವುದಿಲ್ಲ. ಜೋರಾಗಿ ನುಡಿಸಿದಾಗ ತಂತಿಗೂ ಸ್ಪೀಕರಿಗೂ ನಡುವೆ ಗಾಳಿಯಲ್ಲಿ ನಡೆಯುವ ಕೊಡುಕೊಳ್ಳುವಿಕೆಯೂ ನಿಂತುಹೋಗುತ್ತದೆ. ಹಾಗಾಗಿ "ಸದ್ದು ಕಡಿಮೆ, ನಾದ ಅದೇ" ಎಂಬುದನ್ನು ಯಾವ ಸರ್ಕ್ಯೂಟೂ ಪೂರ್ತಿಯಾಗಿ ಕೊಡಲಾರದು. ಆ ನಾದದ ಒಂದು ಪಾಲು ಇರುವುದು ಕಿವಿಯಲ್ಲಿ ಮತ್ತು ಕೋಣೆಯಲ್ಲಿ.

ಇಲ್ಲಿ ನನಗೆ ನೆನಪಾಗುವುದು ಪಿಟೀಲು ಚೌಡಯ್ಯನವರು. ತಿರುಮಕೂಡಲು ನರಸೀಪುರದ ಕಡೆಯಿಂದ ಬಂದು, ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತ ಚೌಡಯ್ಯನವರಿಗೆ ನಮ್ಮ ತೊಂದರೆಯ ತದ್ವಿರುದ್ಧ ತೊಂದರೆಯಿತ್ತು. ಮೈಕಿಲ್ಲದ ಕಾಲದ ಕಚೇರಿಯಲ್ಲಿ ಪಿಟೀಲು ಹಿಂದಿನವರಿಗೆ ಕೇಳಿಸುತ್ತಿರಲಿಲ್ಲ. ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯದು ಮಾಡಿಕೊಂಡರು. ತಮ್ಮ ವಾದ್ಯದಲ್ಲಿ ಇರಬೇಕಾಗಿದ್ದ ಫೀಚರನ್ನು ಯಾವ ಕಂಪನಿಯನ್ನೂ ಕೇಳದೆ ತಾವೇ ಸೇರಿಸಿದರು. 1957ರಲ್ಲಿ ಇದೇ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಮೈಕು ಬಂದ ಮೇಲೆ ಏಳು ತಂತಿಗೆ ಮೊದಲಿನ ಕಾರಣ ಉಳಿಯಲಿಲ್ಲ. ಆದರೂ ಕೆಲವರು ಅದನ್ನು ಬಿಡಲಿಲ್ಲ, ಏಕೆಂದರೆ ಜೋರಿಗೆಂದು ಕಟ್ಟಿದ ತಂತಿಗಳು ಬೇರೆಯದೇ ತುಂಬು ನಾದವನ್ನೂ ತಂದಿದ್ದವು.

ಟ್ಯೂಬ್ ಆಂಪಿನ ಕತೆಯೂ ಇದೇ. ಕಾರಣ ಹೋಯಿತು, ನಾದ ಉಳಿಯಿತು. ಇವತ್ತು ಯಾವ ಸಭಾಂಗಣದಲ್ಲೂ ಗಿಟಾರ್ ಆಂಪಿನ ಮುಂದೆ ಮೈಕಿಟ್ಟು ದೊಡ್ಡ ಸ್ಪೀಕರುಗಳಿಗೆ ಕಳಿಸುತ್ತಾರೆ. ನೂರು ವ್ಯಾಟ್ ಬೇಕಾಗಿರುವುದು ಹಿಂದಿನ ಸಾಲಿಗಲ್ಲ, ವಾದಕನ ಬೆನ್ನಿಗೆ ತಾಗುವ ಗಾಳಿಗೆ. ನಮ್ಮ ಪಟ್ಟಿಯನ್ನು ಹೀಗೆ ಓದಿದರೆ, ಅರ್ಧಕ್ಕರ್ಧ ಬೇಡಿಕೆಗಳು ಆಂಪಿನ ಮೇಲಿನ ದೂರುಗಳೇ ಅಲ್ಲ. ಅವು ನಮ್ಮ ಮನೆಗಳ ಮೇಲಿನ ದೂರು. ಹೆಡ್‌ಫೋನ್, ಸದ್ದಿಲ್ಲದ ರೆಕಾರ್ಡಿಂಗ್, ಅರ್ಧ ವ್ಯಾಟ್ ಎಲ್ಲವೂ ಬಾಡಿಗೆ ಕರಾರುಪತ್ರದ ಭಾಷೆ.

ಈ ಬೇಡಿಕೆಗಳಲ್ಲಿ ಹಲವನ್ನು ಒಂದೇ ಪೆಟ್ಟಿಗೆಯಲ್ಲಿ ಪೂರೈಸಿದ್ದೂ ಉಂಟು. ಫೆಂಡರ್ ಕಂಪನಿಯ ಡೀಲಕ್ಸ್ ರಿವರ್ಬ್ 1960ರ ದಶಕದ ವಿನ್ಯಾಸ: 22 ವ್ಯಾಟ್, ಸುಮಾರು 19 ಕಿಲೋ, ಮಾಸ್ಟರ್ ವಾಲ್ಯೂಮ್ ಇಲ್ಲ, ಎಫೆಕ್ಟ್ಸ್ ಲೂಪ್ ಇಲ್ಲ, ಮಿಡ್ ನಾಬ್ ಕೂಡ ಇಲ್ಲ. 2019ರಲ್ಲಿ ಅದೇ ಕಂಪನಿ ಅದೇ ಮುಖದ ಟೋನ್ ಮಾಸ್ಟರ್ ಡೀಲಕ್ಸ್ ರಿವರ್ಬ್ ತಂದಿತು. ತೂಕ ಹತ್ತು ಕಿಲೋ ಚಿಲ್ಲರೆ. ಹಿಂದೆ 22ರಿಂದ 0.2 ವ್ಯಾಟಿನವರೆಗೆ ಇಳಿಸುವ ಸ್ವಿಚ್ಚು. ಸ್ಪೀಕರಿನ ನಾದವನ್ನು ಅನುಕರಿಸಿ ನೇರ ರೆಕಾರ್ಡಿಂಗಿಗೆ ಕಳಿಸುವ ಲೈನ್ ಔಟ್. ಆದರೆ ಒಳಗೆ ವಾಲ್ವು ಇಲ್ಲ. ಎಲ್ಲವನ್ನೂ ಡಿಜಿಟಲ್ ಚಿಪ್ಪು ಮಾಡುತ್ತದೆ. ಚೆನ್ನಾಗಿಯೇ ಮಾಡುತ್ತದೆ, ಕಣ್ಣು ಮುಚ್ಚಿ ಕೇಳಿದರೆ ಅನೇಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಟ್ಯೂಬ್ ಆಂಪಿನಲ್ಲಿ ಇರಬೇಕಿದ್ದ ಫೀಚರುಗಳನ್ನೆಲ್ಲ ಸೇರಿಸುತ್ತ ಹೋದರೆ ಕೊನೆಗೆ ಟ್ಯೂಬೇ ಕಳಚಿ ಬೀಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ತಿರುವೊಟ್ಟಿಯೂರಿನವರಿಗೆ ಈ ಮಾತು ಹೊಸದಲ್ಲ. 1950ರ ದಶಕದಲ್ಲಿ ಶುರುವಾದ ಎನ್‌ಫೀಲ್ಡ್ ಕಾರ್ಖಾನೆ ಇರುವುದು ಇಲ್ಲೇ. ಬುಲೆಟ್ ಸವಾರರೂ ದಶಕಗಳ ಕಾಲ ಒಂದು ಪಟ್ಟಿ ಇಟ್ಟುಕೊಂಡಿದ್ದರು. ಬಲಗಾಲಿನ ಗೇರು ಎಡಕ್ಕೆ ಬರಲಿ, ಬಟನ್ ಒತ್ತಿದರೆ ಸ್ಟಾರ್ಟ್ ಆಗಲಿ, ಆಯಿಲ್ ಸೋರದಿರಲಿ. 2008ರ ನಂತರದ ಹೊಸ ಎಂಜಿನ್ನಿನ ಹೊತ್ತಿಗೆ ಇವೆಲ್ಲ ಬಂದವು. ಬಂದ ಮೇಲೆ ಹಳಬರು, "ಎಲ್ಲಾ ಸರಿ, ಆದರೆ ಆ ಡುಗ್ ಡುಗ್ ಹೋಯಿತಲ್ಲ" ಎಂದರು. ಕಂಪನಿ ತಪ್ಪು ಮಾಡಲಿಲ್ಲ. ದಿನಾ ಕೆಲಸಕ್ಕೆ ಹೋಗುವವನಿಗೆ ಸೋರದ ಎಂಜಿನ್ನೇ ಬೇಕು. ಆದರೆ ಹಳಬರೂ ಸುಳ್ಳು ಹೇಳಲಿಲ್ಲ.

ಹಾಗಾದರೆ ಈ ಪಟ್ಟಿಯನ್ನು ಕಸಕ್ಕೆ ಹಾಕಬೇಕೆ? ಬೇಡ. ಅದರಲ್ಲಿ ಎರಡು ಬಗೆಯ ಬೇಡಿಕೆಗಳು ಕಲಸಿಹೋಗಿವೆ, ಬೇರ್ಪಡಿಸಬೇಕು ಅಷ್ಟೆ. ಒಂದು ಬಗೆ, ಆಂಪು ಬೇರೆ ವಸ್ತುವಾಗಲಿ ಎಂದು ಕೇಳುವುದು. ಅದಕ್ಕೆ ಬೇರೆ ವಸ್ತುಗಳೇ ಇವೆ, ಕೊಂಡುಕೊಳ್ಳಬಹುದು; ಅದರಲ್ಲಿ ನಾಚಿಕೆಯಿಲ್ಲ. ಇನ್ನೊಂದು ಬಗೆ, ಆಂಪು ಆಂಪಾಗಿಯೇ ಬಹುಕಾಲ ಬದುಕಲಿ ಎಂದು ಕೇಳುವುದು. ಬಯಾಸ್ ನೋಡಲು ಹೊರಗೇ ಎರಡು ತೂತು ಮತ್ತು ಒಂದು ಸ್ಕ್ರೂ ಕೊಡಿ, ವಾಲ್ವಿನ ಸಾಕೆಟ್ಟನ್ನು ಸರ್ಕ್ಯೂಟ್ ಬೋರ್ಡಿನ ಮೇಲೆ ಬೆಸೆಯದೆ ಚಾಸಿಗೆ ಕಟ್ಟಿ, ಊರೂರಿನ ವೋಲ್ಟೇಜಿಗೆ ಹೊಂದಿಸುವ ಸ್ವಿಚ್ ಇಡಿ. ಇವು ನಾದವನ್ನು ಒಂದಿಷ್ಟೂ ಮುಟ್ಟುವುದಿಲ್ಲ. ಸ್ಪೀಕರಿಗೆ ಕಡಿಮೆ ಸದ್ದು ಕೇಳುವುದಕ್ಕಿಂತ ಇವುಗಳನ್ನು ಕೊಡುವುದು ಸುಲಭ. ಆದರೂ ಇವನ್ನು ಕೇಳುವವರ ದನಿ ಮೆಲ್ಲಗೆ, ಏಕೆಂದರೆ ಅಂಗಡಿಯಲ್ಲಿ ಹತ್ತು ನಿಮಿಷ ನುಡಿಸುವಾಗ ಇವು ಕಾಣುವುದಿಲ್ಲ. ಐದನೆಯ ವರ್ಷ ಕಾಣುತ್ತವೆ.

ನಮ್ಮಂಥ ಊರಿನಲ್ಲಿ ಇನ್ನೂ ಬೇಗ. ಸಮುದ್ರದ ಉಪ್ಪುಗಾಳಿಗೆ ಜಾಕುಗಳು, ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ಮೇ ತಿಂಗಳ ರಾತ್ರಿ ಬೀದಿಯ ಏಸಿಗಳೆಲ್ಲ ಓಡುವಾಗ ವೋಲ್ಟೇಜು ಕುಸಿದು, ವಾಲ್ವಿನ 6.3 ವೋಲ್ಟಿನ ಹೀಟರಿಗೂ ಹಸಿವಾಗುತ್ತದೆ. 120 ವೋಲ್ಟಿನ ಅಮೆರಿಕದ ಆಂಪು ತಂದವರು ಭಾರದ ಟ್ರಾನ್ಸ್‌ಫಾರ್ಮರನ್ನೂ ಹೊತ್ತುಕೊಳ್ಳಬೇಕು. ಬಯಾಸ್ ನೋಡಲು ಪೆಟ್ಟಿಗೆ ಬಿಚ್ಚಿದರೆ ಒಳಗೆ ನಾನೂರು ವೋಲ್ಟಿನ ಮೇಲೆ ಡಿಸಿ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ; ಅರಿಯದವರು ಕೈ ಹಾಕಬಾರದು. ರಿಚಿ ಸ್ಟ್ರೀಟಿನಲ್ಲಿ ಮೊಬೈಲ್ ರಿಪೇರಿಗೆ ಹೆಜ್ಜೆಗೊಬ್ಬರು ಸಿಗುತ್ತಾರೆ, ವಾಲ್ವಿನ ಕೆಲಸ ಬಲ್ಲ ಹಿರಿಯರನ್ನು ಹುಡುಕಬೇಕು.

ಆ ಹಿರಿಯರ ವಿದ್ಯೆ ನಮ್ಮದೇ ಆಗಿತ್ತು ಎನ್ನುವುದು ಮರೆತುಹೋಗಿದೆ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಬಿಇಎಲ್ 1960ರ ದಶಕದಿಂದ ರೇಡಿಯೋ ವಾಲ್ವುಗಳನ್ನು ಮಾಡುತ್ತಿತ್ತು. ನಮ್ಮ ಅಜ್ಜಂದಿರ ಮನೆಯ ವಾಲ್ವು ರೇಡಿಯೋ ಹಾಕಿದ ಮೇಲೆ ಬಿಸಿಯಾಗಿ ದನಿ ಬರುವವರೆಗೆ ಕಾಯುತ್ತಿದ್ದೆವಲ್ಲ, ಅದರೊಳಗಿನ ಇಎಲ್84ಕ್ಕೂ, ಬೀಟಲ್ಸ್ ತಂಡ ನುಡಿಸಿದ ವಾಕ್ಸ್ ಎಸಿ30ರೊಳಗಿನ ಇಎಲ್84ಕ್ಕೂ ಕುಲ ಒಂದೇ. ಇವತ್ತು ಲೋಕದ ಗಿಟಾರ್ ವಾಲ್ವುಗಳು ಬಹುಪಾಲು ರಷ್ಯಾ, ಸ್ಲೊವಾಕಿಯಾ, ಚೀನಾಗಳ ಬೆರಳೆಣಿಕೆಯ ಕಾರ್ಖಾನೆಗಳಿಂದ ಬರುತ್ತವೆ. 2022ರಲ್ಲಿ ಯುದ್ಧ ಶುರುವಾಗಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಎಲ್ಲೆಡೆ ವಾಲ್ವಿಗೆ ಪರದಾಟವಾಯಿತು. ಆಂಪಿನಲ್ಲಿ ಬ್ಲೂಟೂತ್ ಇಲ್ಲವೆಂದು ಕೊರಗುವವರು, ಹತ್ತು ವರ್ಷದ ಮೇಲೆ ಅದಕ್ಕೆ ವಾಲ್ವು ಸಿಗುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ವಿಮರ್ಶಕನಾಗಿ ತೀರ್ಪು ಹೇಳಬೇಕಾದರೆ: ಒಳ್ಳೆಯ ಟ್ಯೂಬ್ ಆಂಪು ಕಡಿಮೆ ಕೆಲಸಗಳನ್ನು ಮಾಡುವ, ರಿಪೇರಿಗೆ ಒಗ್ಗುವ ವಸ್ತು. ಹದಿನೈದು ವ್ಯಾಟ್ ಸಾಕು. ಎಫೆಕ್ಟ್ಸ್ ಲೂಪ್ ಇರಲಿ, ಅದು ನ್ಯಾಯವಾದ ಬೇಡಿಕೆ. ಒರಟು ನಾದ ಹುಟ್ಟಿದ ಮೇಲೆ ಡಿಲೇ ಸೇರಿದರೆ ಮಾತ್ರ ಪ್ರತಿಧ್ವನಿ ಕಲಸುಮೇಲೋಗರ ಆಗುವುದಿಲ್ಲ. ಹೊರಗೇ ಬಯಾಸ್ ಇರಲಿ. ಉಳಿದದ್ದಕ್ಕೆ, ರಾತ್ರಿ ಹನ್ನೊಂದರ ಅಭ್ಯಾಸಕ್ಕೆ, ಹೆಡ್‌ಫೋನು ಮತ್ತು ಲ್ಯಾಪ್‌ಟಾಪು ಇದ್ದೇ ಇವೆ.

ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಬೇಡಿಕೆ ಮಾತ್ರ ಹಾಗೆಯೇ ಉಳಿಯುತ್ತದೆ, ಅದನ್ನು ಯಾವ ಕಂಪನಿಯೂ ಪೂರೈಸಲಾರದು: ತಿಂಗಳಿಗೊಂದು ಸಂಜೆ ಆರಕ್ಕೆ ತಿರುಗಿಸಿ ನುಡಿಸಲು ಒಂದು ಕೋಣೆ. ಊರು ಬಿಟ್ಟು ಬಂದ ನಮಗೆ ಜೋರಾಗಿ ಹಾಡುವ, ಜೋರಾಗಿ ಜಗಳವಾಡುವ ಜಾಗವೂ ಊರಲ್ಲೇ ಉಳಿಯಿತು. ನಾವು ಹೋದ ಊರುಗಳಲ್ಲೆಲ್ಲ ರಾಜ್ಯೋತ್ಸವಕ್ಕೆಂದು ಬಾಡಿಗೆಗೆ ಹಿಡಿಯುವ ಸಭಾಂಗಣಗಳಿವೆ, ಅವು ವರ್ಷದ ಬಹುಪಾಲು ದಿನ ಖಾಲಿ. ನಮ್ಮ ಹುಡುಗರಲ್ಲಿ ಎಷ್ಟೋ ಜನರ ಬಳಿ ಗಿಟಾರಿದೆ, ಕಿವಿಗೆ ಹೆಡ್‌ಫೋನಿದೆ, ಒಬ್ಬರ ವಾದನವನ್ನು ಇನ್ನೊಬ್ಬರು ಕೇಳಿಲ್ಲ. ಮುಂದಿನ ಸಲ ಯಾರಾದರೂ ಹೊಸ ಆಂಪಿಗೆ ಅರವತ್ತು ಸಾವಿರ ತೆಗೆದಿಡುವಾಗ, ಅದರಲ್ಲಿ ಐದು ಸಾವಿರವನ್ನು ಅಂಥದೊಂದು ಹಾಲಿನ ಬಾಡಿಗೆಗೆ ಎತ್ತಿಟ್ಟರೆ, ಹಳೆಯ ಆಂಪಿನಲ್ಲೇ ಏನೇನಿತ್ತು ಎಂಬುದು ಗೊತ್ತಾದೀತು.