ಹಿಂದೆ ಹಾಡುವವರು

ಚಳ್ಳಕೆರೆಯಲ್ಲಿ ಹುಡುಗನೊಬ್ಬ ಮೊಬೈಲಿನಲ್ಲಿ ಕೇಳಿಸಿದ ಹಾಡು ನನ್ನನ್ನು ಬಿಟ್ಟಿಲ್ಲ.

ಅವನು ಆರ್ಕೆಸ್ಟ್ರಾದಲ್ಲಿ ಟ್ರ್ಯಾಕ್ ಹಾಕಿಕೊಂಡು ಜನಪದ ಗೀತೆ ಹಾಡುವವನು. ಅದು ಹೊಟ್ಟೆಪಾಡು. ಬಿಡುವಾದಾಗ ತನ್ನ ಗೊಲ್ಲರಹಟ್ಟಿಗೆ ಹೋಗಿ ಹೆಂಗಸರ ಹಾಡು ಹಿಡಿದಿಟ್ಟುಕೊಳ್ಳುತ್ತಾನೆ. ಯಾಕಪ್ಪಾ ಅಂದರೆ, "ನಮ್ಮೋರು ಯಾರು ಏನು ಅಂತ ನಂಗೂ ತಿಳೀಬೇಕಲ್ಲ ಸಾರ್" ಅಂದ.

ಅವನು ಕೇಳಿಸಿದ ಹಾಡಿನಲ್ಲಿ ಅಜ್ಜಿಯೊಬ್ಬಳು ಒಂದು ಸೊಲ್ಲು ಎತ್ತುತ್ತಾಳೆ. ನಾಲ್ಕು ದನಿ ಅದನ್ನೇ ತಿರುಗಿ ಹಾಡುತ್ತವೆ. ನಡುವೆ ಕುರಿಮರಿಯ ಕೂಗು, ಯಾರದೋ ಕೆಮ್ಮು. ಹಿಂದಿನವರು ಹಾಡುವಷ್ಟರಲ್ಲಿ ಅಜ್ಜಿಗೆ ಉಸಿರು ಸಿಗುತ್ತದೆ, ಮುಂದಿನ ಸೊಲ್ಲು ನಾಲಿಗೆಗೆ ಬರುತ್ತದೆ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸಾವಿರಾರು ಹಾಡು ಬರುತ್ತಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವನ್ನು ಕೂತು ಕೇಳಿ 'ಸಾವಿರದ ಸಿರಿಬೆಳಗು' ಎಂಬ ಪುಸ್ತಕ ಮಾಡಿದರು. ಅಷ್ಟೊಂದು ಹಾಡು ಒಂದು ತಲೆಯಲ್ಲಿ ನಿಂತದ್ದು ಹೇಗೆಂದು ಬೆರಗಾಗುವವರು ಈ ಹಿಂದಿನ ದನಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೀಬೋರ್ಡಿನವರ ಮೇಲೆ ನನ್ನ ಹಳೇ ತಕರಾರೂ ಇದೇ. ಹಳ್ಳಿ ಹಾಡಿಗೆ ಹೊಳಪು ಕೊಡುತ್ತೇವೆಂದು ಮೊದಲು ಎಬ್ಬಿಸಿ ಕಳಿಸುವುದು ಈ ನಾಲ್ವರನ್ನೇ. ಆ ಜಾಗಕ್ಕೆ ಸಂಗೀತದ ತುಣುಕು ಬರುತ್ತದೆ. ಮೊಳಕಾಲ್ಮೂರು ಕಡೆ ಮ್ಯಾಸಬೇಡರ ದೇವರ ಎತ್ತುಗಳ ಮುಂದೆ ನುಡಿಸುವ ಉರುಮೆಯನ್ನೂ ರಿದಮ್ ಪ್ಯಾಡಿಗೆ ಇಳಿಸಿದ್ದಾರೆ. ಕೋಲಿನಿಂದ ಚರ್ಮ ಉಜ್ಜಿದಾಗ ಏಳುವ ಆ ನರಳುವ ದನಿ ಪ್ಯಾಡಿನಲ್ಲಿ ಎಲ್ಲಿಂದ ಬರಬೇಕು?

ಆಮೇಲೆ ಹುಡುಗ ಗೊಲ್ಲರ ದೇವರು ಕ್ಯಾತಪ್ಪನ ಹಾಡು ಹಾಕಿದ. ಪರಿಷೆ ನೋಡಿದವರಿಗೆ ಗೊತ್ತು: ಬಾರೆಮುಳ್ಳಿನಲ್ಲೇ ಕಟ್ಟಿದ ಗುಡಿ, ಬರಿಗಾಲಲ್ಲಿ ಮುಳ್ಳು ಹತ್ತಿ ಕಳಶ ಇಳಿಸುವ ಹುಡುಗರು. ಇವನೂ ಒಮ್ಮೆ ಹತ್ತಿದ್ದನಂತೆ. ಅಂಗಾಲು ತೋರಿಸಿದ, ಗುರುತೇನೂ ಕಾಣಲಿಲ್ಲ.

"ಇದಕ್ಕೊಂದು ಟ್ರ್ಯಾಕ್ ಮಾಡಿಸ್ಲಾ ಸಾರ್?" ಎಂದು ಕೇಳಿದ. ಬೇಡ ಮಾರಾಯ ಅಂದೆ, ಕೈಮುಗಿದೇ ಅಂದೆ. ಮತ್ತೊಮ್ಮೆ ಹಾಕಿಸಿದೆ. ಈ ಸಲ ಹಿಂದಿನ ದನಿಗಳ ನಡುವೆ ಒಂದು ಗಂಡುದನಿ ಕೇಳಿಸಿತು. ವೇದಿಕೆಯ ಮೇಲೆ ಮೈಕು ಬಿಟ್ಟುಕೊಡದ ಹುಡುಗ, ಇಲ್ಲಿ ಅಜ್ಜಿ ಹೇಳಿದ್ದನ್ನು ಮೆಲ್ಲಗೆ ತಿರುಗಿ ಹಾಡುತ್ತಿದ್ದ.