ಬದುಕಿ ಬಂದವನ ಕಥೆಯಲ್ಲಿ ಬಾರದವನ ಪಾಲು

ವೆರ್ನರ್ ಹರ್ಜೋಗ್ ಒಬ್ಬನೇ ಮನುಷ್ಯನ ಬಗ್ಗೆ ಎರಡು ಸಿನಿಮಾ ಮಾಡಿದ್ದಾನೆ. ಮೊದಲನೆಯದು 1997ರ ಸಾಕ್ಷ್ಯಚಿತ್ರ, ‘ಲಿಟಲ್ ಡೀಟರ್ ನೀಡ್ಸ್ ಟು ಫ್ಲೈ’. ಎರಡನೆಯದು 2006ರ ಕಥಾಚಿತ್ರ, ‘ರೆಸ್ಕ್ಯೂ ಡಾನ್’. ಎರಡರಲ್ಲೂ ಇರುವವನು ಡೀಟರ್ ಡೆಂಗ್ಲರ್. ಜರ್ಮನಿಯಲ್ಲಿ ಹುಟ್ಟಿ, ಹದಿನೆಂಟನೆಯ ವಯಸ್ಸಿಗೆ ಅಮೆರಿಕಕ್ಕೆ ಹೋಗಿ, ಅಲ್ಲಿನ ನೌಕಾಪಡೆಯ ಪೈಲಟ್ ಆದವನು. 1966ರ ಫೆಬ್ರವರಿ 1ರಂದು ಲಾವೋಸಿನಲ್ಲಿ ಅವನ ವಿಮಾನ ಗುಂಡೇಟಿಗೆ ಬಿತ್ತು. ಪಥೇಟ್ ಲಾವೊ ಹೋರಾಟಗಾರರ ಕೈಗೆ ಸಿಕ್ಕ. ಜೂನ್ 29ರಂದು ಸೆರೆಶಿಬಿರದಿಂದ ತಪ್ಪಿಸಿಕೊಂಡು, ಮೂರು ವಾರ ಕಾಡಿನಲ್ಲಿ ಅಲೆದು, ಜುಲೈ 20ರಂದು ಅಮೆರಿಕದ ಹೆಲಿಕಾಪ್ಟರಿನ ಕೈಗೆ ಸಿಕ್ಕಾಗ ಅವನ ತೂಕ ಸುಮಾರು 44 ಕಿಲೊ.

ಇಂಥ ಕಥೆ ಸಿಕ್ಕರೆ ಯಾರು ಬಿಡುತ್ತಾರೆ? ಸೆರೆಮನೆಯಿಂದ ತಪ್ಪಿಸಿಕೊಳ್ಳುವ ಸಿನಿಮಾಗಳನ್ನು ಇಷ್ಟಪಡುವ ನನ್ನಂಥವರಿಗೆ ‘ರೆಸ್ಕ್ಯೂ ಡಾನ್’ ಹಬ್ಬದೂಟವೇ. ಆದರೆ ಎರಡನ್ನೂ ಒಂದರ ಹಿಂದೊಂದು ನೋಡಿದಾಗ ಒಂದು ಇರುಸುಮುರುಸು ಉಳಿಯುತ್ತದೆ. ಸುಳ್ಳನ್ನು ಧಾರಾಳವಾಗಿ ಬೆರೆಸಿದ ಸಾಕ್ಷ್ಯಚಿತ್ರ ನಿಜ ಅನ್ನಿಸುತ್ತದೆ. ನಿಜ ಘಟನೆಯನ್ನು ಆಧರಿಸಿದ್ದೇನೆ ಎನ್ನುವ ಕಥಾಚಿತ್ರ ಎಲ್ಲೋ ಮೋಸ ಮಾಡುತ್ತಿದೆ ಅನ್ನಿಸುತ್ತದೆ.

ಮೊದಲು ಕಥಾಚಿತ್ರದ ಹೆಚ್ಚುಗಾರಿಕೆಯನ್ನು ಹೇಳಿಬಿಡಬೇಕು. ಕಾಡನ್ನು ಹರ್ಜೋಗ್‌ನಷ್ಟು ಚೆನ್ನಾಗಿ ಚಿತ್ರಿಸಿದವರು ಕಡಿಮೆ. ಇಲ್ಲಿನ ಕಾಡು ಪೋಸ್ಟ್‌ಕಾರ್ಡಿನ ಹಸಿರಲ್ಲ, ರಾಕ್ಷಸನೂ ಅಲ್ಲ. ಅದು ದಾರಿ ಕೊಡದ ಬಳ್ಳಿಗಳ ಗಂಟು, ಅಷ್ಟೆ. ಶಿಬಿರದ ಬೇಲಿ ಏನೇನೂ ಅಲ್ಲ, ನಿಜವಾದ ಜೈಲು ಸುತ್ತಲಿನ ಕಾಡು ಎಂದು ಹಳೆಯ ಕೈದಿಗಳು ಡೀಟರನಿಗೆ ತಿಳಿಸಿ ಹೇಳುತ್ತಾರೆ. ಬೇಸಗೆಯಲ್ಲಿ ಓಡಿದರೆ ಕುಡಿಯಲು ನೀರಿಲ್ಲದೆ ಸಾಯಬೇಕು. ಹಾಗಾಗಿ ಮಳೆಗಾಲಕ್ಕೆ ಕಾಯಬೇಕು. ಓಡಿಹೋಗುವ ದಿನವನ್ನು ಕಾವಲುಗಾರನಲ್ಲ, ಮಳೆ ನಿರ್ಧರಿಸುತ್ತದೆ. ಆಷಾಢದಲ್ಲಿ ಆಗುಂಬೆ ಕಡೆಯ ಕಾಡಿನಲ್ಲಿ ನಾಲ್ಕು ಹೆಜ್ಜೆ ನಡೆದು ಕಾಲಿನಿಂದ ಉಂಬಳ ಕಿತ್ತವರಿಗೆ, ಆ ಮಳೆ ಬಿಡುಗಡೆಯೂ ಹೌದು ಶಿಕ್ಷೆಯೂ ಹೌದು ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ರಿಶ್ಚಿಯನ್ ಬೇಲ್ ಇದಕ್ಕಾಗಿ ಸುಮಾರು 25 ಕಿಲೊ ಇಳಿಸಿದ್ದು ಎಲ್ಲ ಕಡೆ ಸುದ್ದಿಯಾಗಿತ್ತು. ದೃಶ್ಯಗಳನ್ನು ಹಿಂದುಮುಂದಾಗಿ, ಬಡಕಲು ದೇಹದಿಂದ ತುಂಬಿದ ದೇಹದ ಕಡೆಗೆ ಚಿತ್ರೀಕರಿಸಿದರು. ನಟರ ತೂಕದ ಲೆಕ್ಕ ಕೇಳಿ ಬೆರಗಾಗುವುದು ನನಗೆ ಯಾವತ್ತೂ ಸಾಧ್ಯವಾಗಿಲ್ಲ. ನನ್ನನ್ನು ಹಿಡಿದಿಟ್ಟದ್ದು ಡುವೇನ್ ಮಾರ್ಟಿನ್ ಪಾತ್ರದ ಸ್ಟೀವ್ ಜಾನ್. ಹಾಸ್ಯಪಾತ್ರಗಳಿಗೇ ಹೆಸರಾದ ಈ ನಟ ಇಲ್ಲಿ ಭಯ ಬತ್ತಿಹೋದ ಕಣ್ಣುಗಳಲ್ಲೇ ಇಡೀ ಪಾತ್ರವನ್ನು ನಡೆಸುತ್ತಾನೆ. ಕಾಡಿನಲ್ಲಿ ಹಳ್ಳಿಗನೊಬ್ಬನ ಕತ್ತಿಗೆ ಅವನು ಬಲಿಯಾಗುವ ಗಳಿಗೆಯನ್ನು ಹರ್ಜೋಗ್ ಎಳೆಯುವುದೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇನ್ನು ಇರುಸುಮುರುಸಿನ ವಿಷಯ. ಶಿಬಿರದಲ್ಲಿ ಯೂಜೀನ್ ಡಿಬ್ರೂಯಿನ್ ಎಂಬ ಅಮೆರಿಕನ್ನನಿದ್ದ. ಸಿ.ಐ.ಎ.ಯ ಏರ್ ಅಮೆರಿಕ ಸಂಸ್ಥೆಯ ವಿಮಾನದಲ್ಲಿ ಕೆಲಸಕ್ಕಿದ್ದವನು. 1963ರ ಸೆಪ್ಟೆಂಬರಿನಲ್ಲಿ ಸೆರೆಯಾಗಿ, ಡೆಂಗ್ಲರ್ ಬರುವ ಹೊತ್ತಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದ. ಸಿನಿಮಾದಲ್ಲಿ ಜೆರೆಮಿ ಡೇವಿಸ್ ಅಭಿನಯಿಸಿರುವ ಈ ಪಾತ್ರ ಅರೆಹುಚ್ಚ. ನಾಳೆಯೋ ನಾಡಿದ್ದೋ ಬಿಡುಗಡೆ ಮಾಡುತ್ತಾರೆ ಎಂಬ ಭ್ರಮೆಯಲ್ಲಿರುವವನು, ಓಡಿಹೋಗುವ ಯೋಜನೆಗೆ ಅಡ್ಡಗಾಲು ಹಾಕುವವನು. ಕೊನೆಗೆ ಒಪ್ಪಿದ ಪಾಲಿನ ಕೆಲಸವನ್ನೂ ಮಾಡದೆ ಕೈಕೊಡುವವನು.

ಡಿಬ್ರೂಯಿನ್ ಕುಟುಂಬದವರು ಇದನ್ನು ಬಹಿರಂಗವಾಗಿ ವಿರೋಧಿಸಿದರು. ಅದೇ ಶಿಬಿರದಲ್ಲಿದ್ದು, 1967ರ ಜನವರಿಯಲ್ಲಿ ಬಿಡುಗಡೆ ಕಂಡ ಥಾಯ್ಲೆಂಡಿನ ಪಿಸಿತ್ ಅವರ ಮಾತಿಗೆ ದನಿಗೂಡಿಸಿದ. ಅವರು ಹೇಳುವ ಯೂಜೀನ್ ಬೇರೆಯೇ ಮನುಷ್ಯ. ಜೊತೆಯ ಏಷ್ಯನ್ ಕೈದಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದವನು, ಊಟ ಹಂಚಿಕೊಳ್ಳುತ್ತಿದ್ದವನು, ಓಡಿಹೋಗುವ ದಿನ ಕಾಯಿಲೆ ಬಿದ್ದ ಚೀನೀ ಸಂಗಾತಿಯನ್ನು ಬಿಟ್ಟುಹೋಗಲೊಲ್ಲದೆ ಅವನ ಜೊತೆ ಉಳಿದವನು. ಅವನು ಆಮೇಲೆ ಏನಾದ ಎಂಬುದು ಇಂದಿಗೂ ಗೊತ್ತಾಗಿಲ್ಲ.

ಸಿನಿಮಾದವರಿಗೆ ಕಲ್ಪಿಸುವ ಹಕ್ಕಿಲ್ಲವೇ? ಇದೆ. ಆದರೆ ಹಾಗಿದ್ದರೆ ಹೆಸರು ಬದಲಿಸಬಹುದಿತ್ತು. ಹೆಸರು ನಿಜದ್ದು, ನಡತೆ ಕಲ್ಪಿತ. ಪ್ರತಿಯಾಗಿ ಮಾತಾಡಬೇಕಾದವನು ಕಾಡಿನಲ್ಲೇ ಉಳಿದವನು. ಇಲ್ಲಿ ಕಲ್ಪನೆಯ ಹಕ್ಕನ್ನು ಚಲಾಯಿಸಿದ್ದು ತೀರ ನಿರಾಯುಧನ ಮೇಲೆ. ಡೇವಿಸ್ ಅದ್ಭುತವಾಗಿ ನಟಿಸಿರುವುದರಿಂದ ಗಾಯ ಇನ್ನಷ್ಟು ಆಳ: ಇನ್ನು ಮುಂದೆ ಡಿಬ್ರೂಯಿನ್ ಎಂದರೆ ಲಕ್ಷಾಂತರ ಜನಕ್ಕೆ ಆ ಬೆದರಿದ ಮುಖವೇ.

ಈ ಬಗೆಯ ಚಿತ್ರಗಳ ವ್ಯಾಕರಣವೇ ಹೀಗಿದೆ. ನಾಯಕನ ಛಲ ಹೊಳೆಯಬೇಕಾದರೆ ಪಕ್ಕದಲ್ಲೊಬ್ಬ ಮಂಕಾಗಬೇಕು. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಬಂದಾಗಲೂ ಬರ್ಮಾ ರೈಲುಮಾರ್ಗದಲ್ಲಿ ದುಡಿದು ಬದುಕಿ ಬಂದ ಬ್ರಿಟಿಷ್ ಸೈನಿಕರು ಸಿಟ್ಟಾಗಿದ್ದರು. ತಮ್ಮ ಅಧಿಕಾರಿ ಫಿಲಿಪ್ ಟೂಸಿ ಜಪಾನೀಯರ ಸೇತುವೆ ಕಟ್ಟುವ ಹುಚ್ಚು ಹಿಡಿಸಿಕೊಂಡವನಲ್ಲ ಎಂಬುದು ಅವರ ತಕರಾರು. ಆ ಚಿತ್ರದ ಇನ್ನೂ ದೊಡ್ಡ ಮರೆವಿನ ಬಗ್ಗೆ ಸಿಟ್ಟಾಗಲು ಯಾರೂ ಇರಲಿಲ್ಲ. ಆ ರೈಲುಮಾರ್ಗದಲ್ಲಿ ಸತ್ತ ಮಿತ್ರರಾಷ್ಟ್ರಗಳ ಯುದ್ಧಕೈದಿಗಳು ಹನ್ನೆರಡು ಸಾವಿರಕ್ಕೂ ಹೆಚ್ಚು. ಏಷ್ಯದ ಕೂಲಿಯಾಳುಗಳು ಅಂದಾಜು 90 ಸಾವಿರ. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಸಾಗಿಸಿದ ತಮಿಳು ಕೂಲಿಗಳ ದೊಡ್ಡ ಸಂಖ್ಯೆಯಿತ್ತು. ಓಡಿಹೋಗಲು ಅವರಿಗೂ ಅದೇ ಕಾಡಿತ್ತು. ಅವರ ಬಗ್ಗೆ ಏಳು ಆಸ್ಕರ್ ಗೆದ್ದ ಚಿತ್ರವೇನೂ ಬರಲಿಲ್ಲ.

‘ರೆಸ್ಕ್ಯೂ ಡಾನ್’ ಲಾವೋಸನ್ನು ಪೂರ್ತಿ ಮರೆಯುವುದಿಲ್ಲ, ನಿಜ. ಕಾವಲುಗಾರರಿಗೂ ಅಕ್ಕಿಯಿಲ್ಲ. ಕೈದಿಗಳನ್ನು ಕೊಂದು ಊರಿಗೆ ಮರಳಿದರೆ ಹೊಟ್ಟೆಗಾದರೂ ಸಿಕ್ಕೀತು ಎಂದು ಅವರು ಮಾತಾಡಿಕೊಂಡದ್ದೇ ಓಡಿಹೋಗಲು ಕಾರಣವಾಗುತ್ತದೆ. ಸೆರೆಯಾಳು, ಕಾವಲಾಳು ಇಬ್ಬರದೂ ಒಂದೇ ಹಸಿವು. ಆದರೆ ಈ ಎಳೆಯನ್ನು ಚಿತ್ರ ಹಿಡಿದು ಕೈಬಿಡುತ್ತದೆ. ಲಾವೋಸಿನ ಮೇಲೆ 1964ರಿಂದ 1973ರವರೆಗೆ ಅಮೆರಿಕ ಸುರಿದ ಬಾಂಬು ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು. ಚಿತ್ರದ ಆರಂಭದಲ್ಲಿ ಉರಿಯುವ ಹಳ್ಳಿಗಳ ಹಳೆಯ ದೃಶ್ಯವೊಂದು ನಿಧಾನಗತಿಯಲ್ಲಿ ಸಾಗುತ್ತದೆ, ಭೀಕರವಾಗಿಯೂ ಚೆಲುವಾಗಿಯೂ. ಆಮೇಲೆ ಕೆಳಗಿದ್ದವರ ಪಾಡು ಯಾರಿಗೂ ಬೇಡ. ಕೊನೆಯಲ್ಲಂತೂ ವಿಮಾನವಾಹಕ ಹಡಗಿನ ಮೇಲೆ ಜಯಘೋಷ, ಚಪ್ಪಾಳೆ. ಹರ್ಜೋಗ್ ಇದನ್ನು ಮಾಡಿದನೇ ಎಂದು ಅನುಮಾನ ಬರುವಷ್ಟು ಹಾಲಿವುಡ್.

ಸಾಕ್ಷ್ಯಚಿತ್ರದಲ್ಲಿ ಹೀಗಿಲ್ಲ. ಅಲ್ಲಿ ನಿಜವಾದ ಡೆಂಗ್ಲರ್ ಇದ್ದಾನೆ, ಐವತ್ತರ ಕೊನೆಯಲ್ಲಿರುವ ವಾಚಾಳಿ. ಮನೆಗೆ ಬಂದವನು ಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚುತ್ತಾನೆ. ತೆರೆಯಬಲ್ಲೆ ಎನ್ನುವ ಸುಖಕ್ಕೆ. ಈ ಅಭ್ಯಾಸ ಹರ್ಜೋಗ್ ಹೊಸೆದದ್ದು. ಆದರೆ ಗೋಡೆಯ ಮೇಲಿದ್ದ ತೆರೆದ ಬಾಗಿಲುಗಳ ಚಿತ್ರಗಳು ಡೆಂಗ್ಲರನವೇ. ನೆಲದಡಿ ಪೀಪಾಯಿಗಳಲ್ಲಿ ಕೂಡಿಟ್ಟ ಅಕ್ಕಿ, ಹಿಟ್ಟು, ಸಕ್ಕರೆ, ಜೇನೂ ಅವನವೇ. ಸುಳ್ಳು ಇಲ್ಲಿ ಇದ್ದ ನಿಜವನ್ನೇ ಕಾಣುವಂತೆ ಮಾಡುತ್ತದೆ, ಮತ್ತು ಆ ಸುಳ್ಳಿಗೆ ಒಪ್ಪಿಗೆ ಕೊಟ್ಟವನು ಅದೇ ಮನುಷ್ಯ, ಕ್ಯಾಮೆರಾದ ಮುಂದೆ ನಿಂತು. ಡಿಬ್ರೂಯಿನ್ ಜೊತೆ ಆದದ್ದಕ್ಕೂ ಇದಕ್ಕೂ ಇರುವ ಫರಕು ಅದೇ.

ಡೆಂಗ್ಲರನ ಬಾಲ್ಯವೂ ಇಲ್ಲಿದೆ. ಯುದ್ಧದ ಕೊನೆಯ ದಿನಗಳಲ್ಲಿ ಕಿಟಕಿಯ ಎದುರೇ ಹಾದುಹೋದ ಮಿತ್ರಪಡೆಯ ವಿಮಾನ ಕಂಡು ಹುಡುಗನಿಗೆ ಹಾರುವ ಆಸೆ ಹುಟ್ಟಿತು. ಬಾಂಬು ಹಾಕಲು ಬಂದ ವಿಮಾನ ಅದು! ಯುದ್ಧ ಮುಗಿದ ಮೇಲಿನ ಹಸಿವಿನಲ್ಲಿ ತಾಯಿ ಗೋಡೆಯ ಕಾಗದ ಕಿತ್ತು ಬೇಯಿಸಿದಳು, ಅಂಟಿನಲ್ಲಿ ಒಂದಿಷ್ಟು ಸತ್ವವಿರುತ್ತದೆಂದು. ಕಮ್ಮಾರನ ಬಳಿ ಕೆಲಸ ಕಲಿಯುವಾಗ ತಿಂದ ಏಟುಗಳಿಗೆ ಲೆಕ್ಕವಿಲ್ಲ. ಕ್ರಿಶ್ಚಿಯನ್ ಬೇಲ್‌ನ ನಗುಮುಖದ ಆಶಾವಾದಕ್ಕೆ ಬೇರು ಕಾಣಿಸುವುದಿಲ್ಲ. ಈ ಮುದುಕನಾಗುತ್ತಿರುವವನ ಆಶಾವಾದಕ್ಕೆ ಬೇಯಿಸಿದ ಕಾಗದದ ರುಚಿಯಿದೆ. ಬಾಂಬಿನಡಿ ಬೆಳೆದ ಹುಡುಗ ಬಾಂಬು ಹಾಕುವವನಾದ ಎಂಬ ವಿಪರ್ಯಾಸವನ್ನು ಹರ್ಜೋಗ್ ಬಾಯಿಬಿಟ್ಟು ಹೇಳುವುದಿಲ್ಲ, ಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ.

ಸಾಕ್ಷ್ಯಚಿತ್ರದಲ್ಲಿ ಡೆಂಗ್ಲರನನ್ನು ಮತ್ತೆ ಕಾಡಿಗೆ ಕರೆದೊಯ್ದು, ಊರಿನವರಿಂದ ಕೈ ಕಟ್ಟಿಸಿ ನಡೆಸುತ್ತಾರೆ. ಇದು ಕ್ರೌರ್ಯವಲ್ಲವೇ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಅಲ್ಲೊಂದು ಕಡೆ ಅವನು ತನ್ನ ನಿಶ್ಚಿತಾರ್ಥದ ಉಂಗುರದ ಕಥೆ ಹೇಳುತ್ತಾನೆ: ಉಂಗುರ ಕಿತ್ತುಕೊಂಡವನ ಬೆರಳನ್ನೇ ಕಡಿದು ಅದನ್ನು ಹಿಂದಕ್ಕೆ ಕೊಟ್ಟರಂತೆ. ಹೇಳುವಾಗ ಪಕ್ಕದಲ್ಲಿ ನಿಂತ ಹಳ್ಳಿಗನೊಬ್ಬನ ಕೈಯನ್ನೇ ಹಿಡಿದು ತೋರಿಸುತ್ತಾನೆ. ಆ ಮನುಷ್ಯನ ಮುಖದಲ್ಲಿ ಗಾಬರಿ. ಅದನ್ನು ಕಂಡ ಡೆಂಗ್ಲರ್ ಕಥೆಯನ್ನು ಅಲ್ಲಿಗೇ ಬಿಟ್ಟು, ಅವನ ಹೆಗಲ ಸುತ್ತ ತೋಳು ಹಾಕಿ, ಇದು ಬರೀ ಸಿನಿಮಾ ಮಾರಾಯ, ನಿನ್ನ ಬೆರಳು ನಿನ್ನ ಹತ್ತಿರವೇ ಇದೆ ಎನ್ನುವ ಹಾಗೆ ಸಮಾಧಾನ ಮಾಡುತ್ತಾನೆ.