ಅರಶಿನಗುಂಡಿಯ ಕ್ಲಿಪ್ಪು ಮತ್ತು ಅದನ್ನು ಸುದ್ದಿ ಎಂದವರು

ಕರಾವಳಿಯ ಮಾಧ್ಯಮ ಗೋಷ್ಠಿಗಳಲ್ಲಿ ಈಚೆಗೆ ಒಂದು ಮಾತು ಯಾರ ತಕರಾರೂ ಇಲ್ಲದೆ ಓಡಾಡಿಕೊಂಡಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ವೆಬ್ ಪೋರ್ಟಲು, ಯೂಟ್ಯೂಬ್ ಚಾನೆಲು, ವಾಟ್ಸಾಪ್ ಗುಂಪುಗಳೆಲ್ಲ ಸೇರಿ ಸ್ಥಳೀಯ ಪತ್ರಿಕೋದ್ಯಮಕ್ಕೆ ಮರುಜನ್ಮ ಕೊಟ್ಟಿವೆಯಂತೆ. ಮಣಿಪಾಲ, ಮಂಗಳೂರಿನ ಡೆಸ್ಕುಗಳ ಹಿಡಿತದಲ್ಲಿದ್ದ ಸುದ್ದಿ ಕೊನೆಗೂ ಊರಿನವರ ಕೈಗೆ ಬಂದಿದೆಯಂತೆ. ಹೀಗೆನ್ನುವವರಲ್ಲಿ ನಾನು ಗೌರವಿಸುವ ವಿಮರ್ಶಕರೂ ಇದ್ದಾರೆ. ಆದರೂ ಹೇಳಲೇಬೇಕು: ಈ ಹೊಗಳಿಕೆ ವಿಪರೀತವಾಯಿತು. ಪೊಲೀಸ್ ಠಾಣೆಯ ಪ್ರಕಟಣೆ ಮರುದಿನ ಬೆಳಿಗ್ಗೆಯ ಬದಲು ಅದೇ ದಿನ ಮಧ್ಯಾಹ್ನ ಕೈಸೇರಿದರೆ ಅಂಚೆಯ ಕೆಲಸ ಚೆನ್ನಾಗಿ ನಡೆದಿದೆ ಎನ್ನಬಹುದು, ಅಷ್ಟೆ.

ಹಿಂದಿನ ಕಥೆಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. 1970ರಲ್ಲಿ ಮಣಿಪಾಲದಿಂದ ಹೊರಟ ಉದಯವಾಣಿ, ಅದರ ಆಫ್‌ಸೆಟ್ ಮುದ್ರಣ, ‘ಸುದಿನ’ ಪುರವಣಿ, ಆಮೇಲಿನ ಜಿಲ್ಲಾ ಆವೃತ್ತಿಗಳ ಪೈಪೋಟಿ, ಎಲ್ಲವೂ ಈ ಭಾಗದ ಓದುಗರಿಗೆ ಗೊತ್ತಿರುವುದೇ. ನಾನು ನೇರವಾಗಿ ಒಂದು ಪಠ್ಯಕ್ಕೆ ಬರುತ್ತೇನೆ.

2023ರ ಜುಲೈ 23, ಭಾನುವಾರ. ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತ. ಭದ್ರಾವತಿಯ 23 ವರ್ಷದ ಯುವಕನೊಬ್ಬ ಬಂಡೆಯ ಅಂಚಿನಲ್ಲಿ ನಿಂತು ಮಳೆಗಾಲದ ನೀರಿನ ಅಬ್ಬರ ನೋಡುತ್ತಿದ್ದಾನೆ. ಗೆಳೆಯ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಾನೆ. ಕಾಲು ಜಾರುತ್ತದೆ, ನೀರು ಎಳೆದುಕೊಂಡುಬಿಡುತ್ತದೆ. ಎಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಶವ ಸಿಗಲು ವಾರ ಹಿಡಿಯಿತು. ಅಷ್ಟರೊಳಗೆ ಆ ಕ್ಲಿಪ್ಪು ಕುಂದಾಪುರದಿಂದ ದೆಹಲಿಯ ಚಾನೆಲುಗಳವರೆಗೆ ಸುತ್ತಿ ಬಂದಿತ್ತು. “ಹ್ವಾಯ್, ಕಂಡ್ರ್ಯಾ ಇದ್ನ?” ಎಂದು ಅದು ಬಾರದ ಗುಂಪು ನಮ್ಮ ಕಡೆ ಇರಲಿಲ್ಲ.

ಈ ಕ್ಲಿಪ್ಪಿನಲ್ಲಿ ಪತ್ರಿಕೋದ್ಯಮ ಎಲ್ಲಿದೆ? ಚಿತ್ರೀಕರಿಸಿದವನು ವರದಿಗಾರನಲ್ಲ, ಸಾಕ್ಷಿಯಾಗಲು ಹೊರಟವನೂ ಅಲ್ಲ. ಸ್ನೇಹಿತನ ನೆನಪಿಗೆಂದು ಶುರುಮಾಡಿದ ಚಿತ್ರೀಕರಣ ನಡುವಿನಲ್ಲಿ ಸಾವಿನ ದಾಖಲೆಯಾಗಿಬಿಟ್ಟಿತು. ಅವನನ್ನು ದೂರುವುದು ಅನ್ಯಾಯ. ನನ್ನ ತಕರಾರು ಇರುವುದು ಆ ಕ್ಲಿಪ್ಪು ಅವನ ಫೋನಿನಿಂದ ಹೊರಬಿದ್ದ ಮೇಲಿನ ಕೈಚಳಕದ ಬಗ್ಗೆ. ಮೊದಲ ಕೆಲಸ, ಮೂಲೆಯಲ್ಲಿ ಲೋಗೊ ಒತ್ತುವುದು. ತಾನು ಹೋಗದ ಜಾಗದಲ್ಲಿ, ತಾನು ತೆಗೆಯದ ದೃಶ್ಯದ ಮೇಲೆ, ಇನ್ನೊಬ್ಬರ ಮನೆಯ ಸಾವಿನ ಮೇಲೆ ಹಕ್ಕು ಸ್ಥಾಪನೆ. ಎರಡನೆಯದು ತಲೆಬರಹ. ರೀಲ್ಸ್ ಹುಚ್ಚಿಗೆ ಬಲಿ ಎಂಬ ಧಾಟಿಯ ಸಾಲುಗಳು ಬಂದವು. ತನಿಖೆಗೆ ಮೊದಲೇ ತೀರ್ಪು. ಅದೂ ಸತ್ತವನ ಮೇಲೆ. ಆ ತೀರ್ಪನ್ನು ಹಂಚಿದ್ದು ಮತ್ತೆ ರೀಲ್ಸಿನ ರೂಪದಲ್ಲೇ ಎಂಬುದು ಆ ಡೆಸ್ಕುಗಳಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ವಿಮರ್ಶಕರು ಗಮನಿಸದೇ ಬಿಟ್ಟದ್ದು. ಪತ್ರಿಕೆಯಲ್ಲಿ ಬಂದ ಸಾವಿನ ಸುದ್ದಿ ಕಾಲಮ್ಮಿನ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ಮತ್ತೆ ಓದಬೇಕಾದರೆ ನಾವೇ ಮೇಲೆ ಹೋಗಬೇಕು. ರೀಲು ಹಾಗಲ್ಲ. ಮುಗಿದ ಕೂಡಲೇ ತಾನಾಗಿ ಮೊದಲಿಂದ ಶುರುವಾಗುತ್ತದೆ. ಆ ಹುಡುಗ ಮತ್ತೆ ಬಂಡೆಯ ಮೇಲೆ ನಿಂತಿರುತ್ತಾನೆ, ಮತ್ತೆ ಜಾರುತ್ತಾನೆ. ನೋಡುವವನು ಬೆರಳು ಆಡಿಸದೇ ಕುಳಿತರೂ ಲೆಕ್ಕ ಏರುತ್ತದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಿದ್ದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವೀಕ್ಷಣೆ ಆಗಿರಬೇಕೆಂಬ ನಿಯಮವಿದೆ. ಬೈಂದೂರಿನಂಥ ಊರಿನ ಚಾನೆಲ್ಲಿಗೆ ಪಂಚಾಯತ್ ಸಭೆಯ ವರದಿಯಿಂದ ಆ ಲೆಕ್ಕ ಎಂದು ತುಂಬಬೇಕು? ಯಾವುದು ಸುದ್ದಿ ಎಂಬುದನ್ನು ಸಂಪಾದಕ ತೀರ್ಮಾನಿಸುವ ಮೊದಲೇ ಕಂಪನಿಯ ಲೆಕ್ಕಾಚಾರ ತೀರ್ಮಾನಿಸಿರುತ್ತದೆ.

ಕ್ಲಿಪ್ಪಿನ ಹೊರಗೆ ಉಳಿದದ್ದೇನು? ಆ ಜಲಪಾತ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡಿನಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ಜನರನ್ನು ಬಿಡುವವರು ಯಾರು, ತಡೆಯಬೇಕಾದವರು ಯಾರು, ಆ ಹಾದಿಯಲ್ಲಿ ಕಾವಲು ಇತ್ತೇ, ಅರಣ್ಯ ಇಲಾಖೆಗೂ ಪ್ರವಾಸೋದ್ಯಮಕ್ಕೂ ಏನು ಮಾತುಕತೆ? ಇವು ಕಾಲಿಗೆ ಕೆಲಸ ಕೊಡುವ ಪ್ರಶ್ನೆಗಳು, ಉಂಬಳ ಕಚ್ಚಿಸಿಕೊಂಡು ಹೋಗಿ ಕೇಳಬೇಕಾದವು. ಮರವಂತೆಯದ್ದೂ ಇದೇ ಕಥೆ. ಪ್ರತಿ ಜೂನಿನಲ್ಲಿ ಅಲೆ ದಂಡೆಗೆ ಅಪ್ಪಳಿಸುವ ದೃಶ್ಯ ಹೆದ್ದಾರಿಯ ಅಂಚಿನಿಂದಲೇ ಸಿಗುತ್ತದೆ, ಎಲ್ಲರೂ ಹಾಕುತ್ತಾರೆ. ಅದೇ ತೀರಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಲ್ಲಿ ಹಾಕಿದ ಕಲ್ಲಿನ ತಡೆಗಳು ಮರಳನ್ನು ಹಿಡಿದವೋ ಪಕ್ಕದ ಊರಿಗೆ ತಳ್ಳಿದವೋ ಎಂದು ವರ್ಷಾನುಗಟ್ಟಲೆ ಬೆನ್ನುಹತ್ತಿದ ಚಾನೆಲು ಯಾವುದು?

ಮುದ್ರಣದವರು ಸಾಚಾ ಎಂದು ನಾನು ಹೇಳುತ್ತಿಲ್ಲ. ಅಪಘಾತದ ಶವದ ಚಿತ್ರವನ್ನು ಮುಖಪುಟದಲ್ಲಿ ಹಾಕಿದ ಕಾಲ ನೆನಪಿದೆ. ಮೀನುಗಾರರ ದೋಣಿ ಮಗುಚಿದಾಗ, ನದಿಯಲ್ಲಿ ನೆರೆ ಏರಿದಾಗ ಪೋರ್ಟಲುಗಳ ವೇಗದಿಂದ ಉಪಕಾರವಾಗಿದೆ. ಕುಂದಗನ್ನಡಕ್ಕೆ ಕ್ಯಾಮೆರಾದ ಮುಂದೆ ಸಂಕೋಚವಿಲ್ಲದ ಜಾಗ ಸಿಕ್ಕಿದೆ. ಒಪ್ಪಿದೆ. ಮುಂದೆ ಹೋಗೋಣ.

ನನ್ನ ತಕರಾರಿಗೆ ಎದುರಾಗಿ ಮಾಧ್ಯಮ ವಿಮರ್ಶಕರು ತಪ್ಪದೆ ಮುಂದಿಡುವ ಉದಾಹರಣೆ ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟು. 2022ರ ಫೆಬ್ರವರಿ 3ರಂದು ಹಿಜಾಬ್ ಧರಿಸಿದ್ದ ವಿದ್ಯಾರ್ಥಿನಿಯರ ಎದುರು ಆ ಗೇಟು ಮುಚ್ಚಿತು. ಪರೀಕ್ಷೆಗೆ ಎರಡೇ ತಿಂಗಳಿದೆ ಎಂದು ಅವರು ಅಂಗಲಾಚಿದ್ದು ಮೊಬೈಲಿನಲ್ಲಿ ದಾಖಲಾಗಿ ದೇಶ ನೋಡಿತು. ಮೊಬೈಲ್ ಇಲ್ಲದಿದ್ದರೆ ಇದು ಒಳಪುಟದ ನಾಲ್ಕು ಸಾಲಾಗುತ್ತಿತ್ತು ಎನ್ನುತ್ತಾರೆ. ನಿಜವಿರಬಹುದು. ಆದರೆ ಆ ದೃಶ್ಯ ಹೇಳಿದ್ದೆಷ್ಟು? ನಿಯಮ ಯಾವಾಗ ಬದಲಾಯಿತು, ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಯಾರು ಏನೆಂದರು, ಹಿಂದಿನ ದಿನ ಕೇಸರಿ ಶಾಲು ಕ್ಯಾಂಪಸ್ಸಿಗೆ ಬಂದದ್ದು ಹೇಗೆ? ಇವಕ್ಕೆ ಉತ್ತರ ದೃಶ್ಯದಲ್ಲಿರಲಿಲ್ಲ, ಇರಲು ಸಾಧ್ಯವೂ ಇಲ್ಲ. ಖಾಲಿ ಬಿಟ್ಟ ಜಾಗವನ್ನು ಬೇರೆಯವರು ತುಂಬಿದರು. ಒಂದೇ ಗೇಟಿಗೆ ಎರಡು ಬಣಗಳು ಎರಡು ಅರ್ಥ ಹಚ್ಚಿದವು, ಟಿ.ವಿ. ಸ್ಟುಡಿಯೋಗಳು ಮೂರನೆಯದನ್ನು ಹಚ್ಚಿದವು. ಇದೇ ವಿವಾದದಲ್ಲಿದ್ದ ಉಡುಪಿಯ ವಿದ್ಯಾರ್ಥಿನಿಯರ ಮನೆ ವಿಳಾಸ, ಫೋನ್ ನಂಬರು ಸಹ ಜಾಲತಾಣದಲ್ಲಿ ಹರಿದಾಡಿದವು. ನಾಗರಿಕ ಪತ್ರಿಕೋದ್ಯಮದ ಗೆಲುವು ಎಂದು ಚಪ್ಪಾಳೆ ತಟ್ಟುವ ವಿಮರ್ಶಕರ ಬರಹಗಳಲ್ಲಿ ಗೇಟಿನ ಹೊರಗೆ ನಿಂತ ಹುಡುಗಿಯರು ಪರೀಕ್ಷೆ ಬರೆದರೋ ಇಲ್ಲವೋ ಎಂಬ ಒಂದು ಸಾಲನ್ನು ಹುಡುಕಿ ನೋಡಿ.

ಇನ್ನೊಂದು ಬಣ ಹಳೆಯ ಕಾಲಕ್ಕಾಗಿ ಹಲುಬುವವರದು. ಅವರಿಗೂ ನನಗೂ ಕೂಡಿಬರುವುದಿಲ್ಲ. ಈಗಿನ ಬ್ರಹ್ಮಾವರ ತಾಲೂಕಿನ ವಡ್ಡರ್ಸೆಯವರಾದ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ಹೊರಡಿಸಿದಾಗ ಅದು ಓದುಗರ ಷೇರಿನಿಂದ ಕಟ್ಟಿದ ಪತ್ರಿಕೆ. ಓದುಗರೇ ದುಡ್ಡು ಹಾಕಿ ಸುದ್ದಿ ಸಂಸ್ಥೆ ನಡೆಸುವ ಮಾದರಿಯನ್ನು ಇವತ್ತು ಡಿಜಿಟಲ್ ಯುಗದ ಕಾಣಿಕೆ ಎಂದು ಮಾರುತ್ತಿದ್ದಾರಲ್ಲ, ಅದನ್ನು ನಮ್ಮವರು ಇಂಟರ್ನೆಟ್ಟಿಗೆ ಮೊದಲೇ ಮಾಡಿ ಕೈ ಸುಟ್ಟುಕೊಂಡಿದ್ದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಇಂದು ವಡ್ಡರ್ಸೆಯವರ ಹೆಸರು ಹೇಳಿ ಕಣ್ಣೀರು ಹಾಕುವವರು ಆ ಸೋಲಿನ ಲೆಕ್ಕಪತ್ರವನ್ನು ಓದಿದ್ದರೆ ಈಗಿನ ಪೋರ್ಟಲಿನವರಿಗೆ ಉಪಯೋಗಕ್ಕೆ ಬರುವ ಎರಡು ಮಾತು ಹೇಳುತ್ತಿದ್ದರು. ಉದಯವಾಣಿಯ ‘ಕುಗ್ರಾಮ ಗುರುತಿಸಿ’ ಮಾಲಿಕೆಯದ್ದೂ ಅಷ್ಟೆ. ಓದುಗರಿಂದ ಊರಿನ ಹೆಸರು ಕೇಳಿ, ಈಶ್ವರ ದೈತೋಟರಂಥವರು ಅಲ್ಲಿಗೆ ನಡೆದು ಹೋಗಿ ಬರೆದದ್ದು. ಸುಳಿವು ಜನರದು, ಹೊಣೆ ವರದಿಗಾರನದು. ವಾಟ್ಸಾಪ್ ಬಂದ ಮೇಲೆ ಸುಳಿವಿಗೆ ಬರವಿಲ್ಲ. ನಡೆಯುವ ಕಾಲಿಗೇ ಬರ.

ಇನ್ನು ನಿಯಂತ್ರಣ. 2023ರ ಜನವರಿ 9ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಟಿ.ವಿ. ಚಾನೆಲುಗಳಿಗೆ ಸಲಹೆ ಕಳಿಸಿ, ಅಪಘಾತ, ಸಾವು, ಹಿಂಸೆಯ ಕಳವಳಕಾರಿ ದೃಶ್ಯಗಳನ್ನು ಜಾಲತಾಣದಿಂದ ಎತ್ತಿ ತೋರಿಸಬೇಡಿ ಎಂದಿತ್ತು. ಅರಶಿನಗುಂಡಿಗೆ ಆರು ತಿಂಗಳ ಮೊದಲು. ಡಿಜಿಟಲ್ ಪ್ರಕಾಶಕರಿಗೆ 2021ರ ಐ.ಟಿ. ನಿಯಮಗಳ ನೀತಿಸಂಹಿತೆ ಇದೆ, ಪ್ರೆಸ್ ಕೌನ್ಸಿಲಿನ ಮಾನದಂಡಗಳೂ ಅದರೊಳಗೆ ಬರುತ್ತವೆ. ಆದರೆ ಅದನ್ನು ಪಾಲಿಸಲೇಬೇಕೆನ್ನುವ ಉಪನಿಯಮಕ್ಕೆ ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ತಡೆ ಕೊಟ್ಟಿತು. ಸರ್ಕಾರ ಕುಳಿತು ಸುದ್ದಿಯ ನೀತಿ ನೋಡುವುದನ್ನು ತಡೆದದ್ದು ಸರಿಯೇ. ಆ ಜಾಗಕ್ಕೆ ವೃತ್ತಿಯವರು ತಮ್ಮದೇ ಏನನ್ನು ತಂದರು? ಕುಂದಾಪುರದಲ್ಲಿ ಕೆಲವು ನೂರು ಪ್ರತಿ ಅಚ್ಚು ಹಾಕುವ ವಾರಪತ್ರಿಕೆಗೆ 2024ರ ಮಾರ್ಚಿನಿಂದ ಜಾರಿಗೆ ಬಂದ ಹೊಸ ಪತ್ರಿಕಾ ಕಾಯ್ದೆಯಲ್ಲೂ ನೋಂದಣಿ ಕಡ್ಡಾಯ. ಲಕ್ಷ ವೀಕ್ಷಣೆಯ ಚಾನೆಲ್ಲಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ.

ಗೋಷ್ಠಿಗಳಲ್ಲಿ ಪತ್ರಿಕೆಗಳ ನಡತೆಯ ಕುರಿತ ಬ್ರಿಟನ್ನಿನ ಲೆವೆಸನ್ ವರದಿಯನ್ನು ಎತ್ತಿ ತೋರಿಸುವ ಅಭ್ಯಾಸವಿದೆ. 2012ರ ಆ ವರದಿಯ ನಂತರ ಅಲ್ಲಿ ಪತ್ರಿಕೆಗಳೇ ಕಟ್ಟಿಕೊಂಡ ಇಪ್ಸೊ ಎಂಬ ಸ್ವಯಂ ನಿಯಂತ್ರಣ ಸಂಸ್ಥೆ ಬಂತು. ವರದಿಗೆ ಹಲ್ಲು ಕೊಡಬೇಕಿದ್ದ ಕಾಯ್ದೆಯ ನಲವತ್ತನೆಯ ಸೆಕ್ಷನ್ ಜಾರಿಯಾಗದೆಯೇ 2024ರಲ್ಲಿ ರದ್ದಾಯಿತು. ಅಲ್ಲಿನ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆ ಮಾನ್ಯತೆ ಪಡೆದ ಸುದ್ದಿ ಪ್ರಕಾಶಕರಿಗೆ ವಿನಾಯಿತಿಯನ್ನೂ ಕೊಟ್ಟಿದೆ. ಅಲ್ಲಿಂದ ತರಲು ಹೊರಟಿದ್ದು ಇದನ್ನೇ ಆದರೆ ಗಾಡಿ ಖರ್ಚು ದಂಡ.

ನಮ್ಮಲ್ಲಿ ಕಾನೂನಿನ ಏಟು ಬೀಳುವುದು ಬೇರೆಯೇ ಕಡೆ. 2025ರ ಜುಲೈಯಲ್ಲಿ ಶವಗಳನ್ನು ಹೂತ ಆರೋಪದ ಧರ್ಮಸ್ಥಳ ಪ್ರಕರಣದಲ್ಲಿ, ತೆಗೆದುಹಾಕಿ ಎಂಬ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಏಕಪಕ್ಷೀಯ ಆದೇಶಕ್ಕೆ ಗುರಿಯಾದದ್ದು 8,842 ಕೊಂಡಿಗಳು. ಕರಾವಳಿಯ ಒಂದು ಯೂಟ್ಯೂಬ್ ಚಾನೆಲು ಹೈಕೋರ್ಟಿಗೆ ಹೋದ ಮೇಲೆ ಆಗಸ್ಟ್ 1ರಂದು ಆದೇಶ ಬಿದ್ದುಹೋಯಿತು. ಆ ರಾಶಿಯಲ್ಲಿ ಹಸಿ ಸುಳ್ಳೂ ಇತ್ತು, ಜವಾಬ್ದಾರಿಯ ವರದಿಯೂ ಇತ್ತು. ಬೇರ್ಪಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅದೇ ವರ್ಷದ ಜೂನಿನಲ್ಲಷ್ಟೇ ಹೊರಬಿದ್ದ ರಾಜ್ಯದ ಸುಳ್ಳುಸುದ್ದಿ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡದ ಮಾತಿತ್ತು.

ಇವೆಲ್ಲಕ್ಕಿಂತ ಸದ್ದಿಲ್ಲದೆ ಬಂದದ್ದು ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಕಲಮಿಗಾದ ತಿದ್ದುಪಡಿ. 2025ರ ನವೆಂಬರಿನಿಂದ ಜಾರಿಯಲ್ಲಿದೆ. ಮೊದಲು ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬೇಕೆಂಬ ಮಾತು ಆ ಕಲಮಿನಲ್ಲೇ ಇತ್ತು. ಈಗ ವೈಯಕ್ತಿಕ ಎಂದರೆ ಮುಗಿಯಿತು. ಅರ್ಜಿದಾರ 8(2)ನ್ನು ಹಿಡಿದು ವಾದ ಮಾಡಬೇಕು. ಬೈಂದೂರಿನ ತಾಲೂಕು ಕಚೇರಿಯಲ್ಲೋ ಬ್ರಹ್ಮಾವರದ ಪಂಚಾಯತಿಯಲ್ಲೋ ಗುತ್ತಿಗೆದಾರರ, ಫಲಾನುಭವಿಗಳ ಪಟ್ಟಿ ಕೇಳುವ ಬಿಡಿ ಸುದ್ದಿಗಾರನಿಗೆ ಇನ್ನು ಮೇಲ್ಮನವಿಯೇ ದಾರಿ. ಅವನಿಗೆ ಸಿಗುವುದು ಅಚ್ಚಾದ ಸುದ್ದಿಗಿಷ್ಟು ಎಂಬ ಸಂಭಾವನೆ. ಮೇಲ್ಮನವಿಗೆ ಓಡಾಡಿದ ದಿನಗಳಿಗೆ ಪತ್ರಿಕೆಯೂ ದುಡ್ಡು ಕೊಡುವುದಿಲ್ಲ, ಪೋರ್ಟಲೂ ಕೊಡುವುದಿಲ್ಲ.